ಮನೆ ಕಟ್ಟುವ ಕಂಪೆನಿಗಳು: ಆಳು ಯಾರವನು, ಮನೆ ಯಾರದು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರ ಕಣ್ಣ ಮುಂದಿದ್ದದ್ದು ತನ್ನ ವಾಸಕ್ಕೆಂದು ಆಯುಷ್ಯದಲ್ಲಿ ಒಂದೇ ಒಂದು ಮನೆ ಕಟ್ಟಿಸುವ ಗೃಹಸ್ಥ. ಇಟ್ಟಿಗೆ ಬಂದ ದಿನ ಮರಳು ಬಂದಿರುವುದಿಲ್ಲ, ಗಾರೆಯವನು ಬಂದ ದಿನ ಬಡಗಿ ನಾಪತ್ತೆ. ಮುಂಗಡ ಪಡೆದ ಮೇಸ್ತ್ರಿ ಇನ್ನೊಂದು ಕಡೆ ಕೆಲಸ ಹಿಡಿದಿರುತ್ತಾನೆ. ಗೃಹಸ್ಥನ ಈ ಪಡಿಪಾಟಲು ನಮಗೆಲ್ಲ ಗೊತ್ತಿರುವಂಥದ್ದೇ. ಆದರೆ ವರ್ಷಕ್ಕೆ ಸಾವಿರ, ಹತ್ತು ಸಾವಿರ ಮನೆಗಳನ್ನು ಕಟ್ಟಿ ಮಾರುವ ಕಂಪೆನಿಯೊಂದು ಈ ಬಡಗಿಯನ್ನು, ಗಾರೆಯವನನ್ನು, ಬಣ್ಣದವನನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ? ಅವರು ಅದರ ನೌಕರರೇ, ಅಥವಾ ಯಾರೋ ಗುತ್ತಿಗೆದಾರನ ಆಳುಗಳೇ? ಮನೆ ಕಟ್ಟುವುದಕ್ಕೆಂದು ಹುಟ್ಟಿದ ಕಂಪೆನಿ ಇಟ್ಟಿಗೆ ಗೂಡು, ಮರದ ಮಿಲ್ಲು, ಸಾಲದ ವ್ಯವಹಾರಗಳಿಗೆಲ್ಲ ಕೈಹಾಕುವುದಾದರೂ ಏಕೆ? ಇದಕ್ಕೆ ಸುಮಾರು ಇನ್ನೂರು ವರ್ಷಗಳ ಚರಿತ್ರೆಯಿದೆ. ಅರಮನೆ, ಕೋಟೆ, ಮಸೀದಿ, ದೇಗುಲಗಳನ್ನು ಕಟ್ಟಿಸಿದವರ ಬಗ್ಗೆ ಬರೆದಷ್ಟು ನಾವು ಸಾಮಾನ್ಯರ ಮನೆ ಕಟ್ಟಿದವರ ಬಗ್ಗೆ ಬರೆದಿಲ್ಲ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಒಬ್ಬನೇ ಮನೆ ಕಟ್ಟುತ್ತಿರಲಿಲ್ಲ. ಕಲ್ಲು ಕೆಲಸದ ಯಜಮಾನ ಬೇರೆ, ಇಟ್ಟಿಗೆಯವನು ಬೇರೆ, ಬಡಗಿ ಬೇರೆ, ಗಾಜಿನವನು ಬೇರೆ. ಪ್ರತಿಯೊಬ್ಬನಿಗೂ ತನ್ನದೇ ಶಿಷ್ಯರು, ತನ್ನದೇ ಲೆಕ್ಕ. ಅವರು ಕೂಡಿ ಮನೆ ಎಬ್ಬಿಸಿ ಮಾರುವಾಗ ಕೈಯಲ್ಲಿ ನಗದು ಇಲ್ಲದೆ ಕೆಲಸಕ್ಕೆ ಕೆಲಸ ಎಂಬ ವಿನಿಮಯವೂ ನಡೆಯುತ್ತಿತ್ತು. ನಿನ್ನ ಮನೆಗೆ ನಾನು ಬಾಗಿಲು ಕೂರಿಸುತ್ತೇನೆ, ನನ್ನ ಮನೆಗೆ ನೀನು ಗೋಡೆ ಎಬ್ಬಿಸು. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಗೆ ಇದು ತೀರ ದೂರದ್ದೇನಲ್ಲ.

ಈ ಏರ್ಪಾಟನ್ನು ಮುರಿದವನು ಥಾಮಸ್ ಕ್ಯೂಬಿಟ್. 1788ರಲ್ಲಿ ನಾರ್ಫೋಕಿನ ಬಕ್ಸ್‌ಟನ್ ಎಂಬಲ್ಲಿ ಹುಟ್ಟಿದ ಈತ ಬಡಗಿ. ಎಳೆಯ ವಯಸ್ಸಿನಲ್ಲಿ ಹಡಗಿನ ಬಡಗಿಯಾಗಿ ನಮ್ಮ ಹಿಂದೂಸ್ತಾನದವರೆಗೂ ಬಂದು ಹೋದವನು. ಆ ಪ್ರಯಾಣದಲ್ಲಿ ಕೂಡಿಟ್ಟ ಹಣದಿಂದ ಲಂಡನ್ನಿನಲ್ಲಿ ಸ್ವಂತ ಬಡಗಿ ಕೆಲಸ ಆರಂಭಿಸಿದ. 1815ರಲ್ಲಿ ಲಂಡನ್ ಇನ್‌ಸ್ಟಿಟ್ಯೂಷನ್ ಎಂಬ ವಿದ್ಯಾಸಂಸ್ಥೆಯ ಕಟ್ಟಡದ ಗುತ್ತಿಗೆ ಅವನಿಗೆ ಸಿಕ್ಕಿತು. ಹೇಳಿದ ದಿನಕ್ಕೆ ಮುಗಿಸಿಕೊಡಬೇಕು ಎಂಬ ಕರಾರು. ತುಂಡು ಗುತ್ತಿಗೆದಾರರನ್ನು ನಂಬಿದರೆ ಇದು ಆಗುವ ಮಾತಲ್ಲ ಎಂಬುದು ಅವನಿಗೆ ಮನವರಿಕೆಯಾಯಿತು. ಆತ ಗ್ರೇಸ್ ಇನ್ ರಸ್ತೆಯಲ್ಲಿ ಜಾಗ ಹಿಡಿದು, ಕಾರ್ಯಾಗಾರ ಕಟ್ಟಿ, ಬಡಗಿ, ಕಮ್ಮಾರ, ಗಾರೆ, ಗಾಜು, ಬಣ್ಣ ಎಲ್ಲ ಕಸುಬಿನವರನ್ನೂ ತನ್ನ ಸಂಬಳದ ಆಳುಗಳನ್ನಾಗಿ ಮಾಡಿಕೊಂಡ.

ಇಲ್ಲಿ ಒಂದು ಸ್ವಾರಸ್ಯವಿದೆ. ವಾರವಾರ ಸಂಬಳ ಕೊಡಬೇಕಾದ ಆಳುಗಳಿಗೆ ವಾರವಾರ ಕೆಲಸವೂ ಇರಬೇಕಲ್ಲ! ಗಿರಾಕಿ ಬಂದು ಮನೆ ಕಟ್ಟಿಕೊಡಿ ಎಂದು ಕೇಳುವವರೆಗೆ ನೂರಾರು ಜನರನ್ನು ಕೂರಿಸಿ ಉಣಿಸಲು ಸಾಧ್ಯವಿಲ್ಲ. ಆದ್ದರಿಂದ ಕ್ಯೂಬಿಟ್ ತಾನೇ ಜಮೀನು ಹಿಡಿದು ಗಿರಾಕಿಯಿಲ್ಲದೆಯೇ ಮನೆ ಕಟ್ಟತೊಡಗಿದ. ಮೊದಲು ಹೈಬರಿ, ಬಾರ್ನ್ಸ್‌ಬರಿ, ಆಮೇಲೆ ಬ್ಲೂಮ್ಸ್‌ಬರಿ, 1820ರ ದಶಕದ ನಡುವಿನಿಂದ ಗ್ರೋವನರ್ ಮನೆತನದ ಜೌಗು ನೆಲದಲ್ಲಿ ಬೆಲ್‌ಗ್ರೇವಿಯಾ, ಅನಂತರ ಪಿಮ್ಲಿಕೊ. ಇಂದಿಗೂ ಲಂಡನ್ನಿನ ಸಿರಿವಂತರು ವಾಸಿಸುವ ಬಿಳಿ ಗಾರೆಯ ಸಾಲುಮನೆಗಳು ಹೀಗೆ ಎದ್ದವು. ಮನೆ ಹೆಚ್ಚಿದಂತೆ ಇಟ್ಟಿಗೆಯ ಗೂಡು ತನ್ನದೇ ಇರಲಿ ಎನಿಸಿತು; ಕೆಂಟ್ ಪ್ರಾಂತ್ಯದಲ್ಲಿ ಅದೂ ಆಯಿತು. ರಸ್ತೆ, ಚರಂಡಿಗಳನ್ನು ಕೂಡ ತಾನೇ ಮಾಡಿಸಿದ. ಕೊನೆಗೆ ವಿಕ್ಟೋರಿಯಾ ರಾಣಿಯ ಆಸ್‌ಬರ್ನ್ ಹೌಸ್, ಬಕಿಂಗ್‌ಹ್ಯಾಮ್ ಅರಮನೆಯ ಪೂರ್ವ ಭಾಗ ಕೂಡ ಅವನ ಪಾಲಿಗೆ ಬಂದವು. ಒಂದು ವ್ಯಾಪಾರ ಇನ್ನೊಂದು ವ್ಯಾಪಾರವನ್ನು ಹೆರುವುದು ಯಾವಾಗಲೂ ದುರಾಸೆಯಿಂದ ಅಲ್ಲ. ಕ್ಯೂಬಿಟ್ ವಿಷಯದಲ್ಲಿ ಅದು ಸಂಬಳದ ಪಟ್ಟಿಯಿಂದ ಹುಟ್ಟಿತು.

1854ರಲ್ಲಿ ಥೇಮ್ಸ್ ದಂಡೆಯ ಅವನ ಕಾರ್ಯಾಗಾರ ಸುಟ್ಟುಹೋಯಿತು. ಸುದ್ದಿ ತಿಳಿದಾಗ ಅವನು ಮೊದಲು ಹೇಳಿದ್ದು, ಆಳುಗಳಿಗೆ ಒಂದು ವಾರದೊಳಗೆ ಕೆಲಸ ಸಿಗುತ್ತದೆಂದು ತಿಳಿಸಿ, ಅವರ ಹೊಸ ಹತಾರಗಳಿಗೆ 600 ಪೌಂಡು ಕೊಡುತ್ತೇನೆ ಎಂದು ದಾಖಲೆಯಾಗಿದೆ. ಮರುವರ್ಷ ತೀರಿಕೊಂಡಾಗ ಅವನ ಆಸ್ತಿ ಹತ್ತು ಲಕ್ಷ ಪೌಂಡನ್ನು ಮೀರಿತ್ತು. ಆದ್ದರಿಂದ ಅವನನ್ನು ಸಂತನನ್ನಾಗಿ ಮಾಡುವುದು ಬೇಡ. ಆದರೆ ಹತಾರ ಸುಟ್ಟದ್ದು ಯಾರದು, ಅದರ ಹೊಣೆ ಯಾರದು ಎಂಬ ಪ್ರಶ್ನೆಗೆ ಅವನ ಬಳಿ ಉತ್ತರವಿತ್ತು. ಮುಂದೆ ಬರುವವರ ಬಳಿ ಆ ಉತ್ತರ ಇರಲಿಲ್ಲ.

ಈಗ ನಾವು ಅಟ್ಲಾಂಟಿಕ್ ದಾಟಿ, ನೂರು ವರ್ಷಗಳನ್ನೂ ದಾಟಿ, ಅಮೆರಿಕಕ್ಕೆ ಬರೋಣ. ರಷ್ಯಾದಿಂದ ವಲಸೆ ಬಂದ ಯಹೂದಿ ಕುಟುಂಬದ ವಕೀಲ ಅಬ್ರಹಾಂ ಲೆವಿಟ್ ತನ್ನ ಇಬ್ಬರು ಮಕ್ಕಳಾದ ವಿಲಿಯಂ ಮತ್ತು ಆಲ್ಫ್ರೆಡ್ ಜೊತೆ ಸೇರಿ 1929ರಲ್ಲಿ ‘ಲೆವಿಟ್ ಆ್ಯಂಡ್ ಸನ್ಸ್’ ಸ್ಥಾಪಿಸಿದ. ಮೊದಮೊದಲು ನ್ಯೂಯಾರ್ಕಿನ ಪಕ್ಕದ ಲಾಂಗ್ ಐಲೆಂಡಿನಲ್ಲಿ ಅನುಕೂಲಸ್ಥರಿಗೆ ಮನೆ ಕಟ್ಟುತ್ತಿದ್ದ ಸಂಸ್ಥೆ ಅದು. ಎರಡನೆಯ ಮಹಾಯುದ್ಧದ ಹೊತ್ತಿಗೆ ವರ್ಜೀನಿಯಾದ ನಾರ್ಫೋಕಿನಲ್ಲಿ ಯುದ್ಧಕಾರ್ಯದ ಕೆಲಸಗಾರರಿಗೆ ಸಾವಿರಾರು ಮನೆ ಕಟ್ಟುವ ಸರಕಾರಿ ಗುತ್ತಿಗೆ ಅವರಿಗೆ ಬಂತು. ಆಗ ಲೆವಿಟ್ ಸೋದರರು ಒಂದು ಮನೆಯ ಕೆಲಸವನ್ನು ತುಂಡು ತುಂಡಾಗಿ ಒಡೆದು ನೋಡಿದರು. ಕಸುಬುದಾರನೊಬ್ಬ ಮಾಡುವ ಹತ್ತು ಕೆಲಸಗಳಲ್ಲಿ ಒಂದನ್ನು ಮಾತ್ರ ಒಬ್ಬ ಅರೆಕಲಿತವನಿಗೆ ವಹಿಸಿದರೆ ವೇಗ ಹೆಚ್ಚುತ್ತದೆ, ಮನೆಯ ಬೆಲೆ ಇಳಿಯುತ್ತದೆ.

ಯುದ್ಧ ಮುಗಿದು ಲಕ್ಷಗಟ್ಟಲೆ ಸೈನಿಕರು ಮರಳಿದಾಗ ಅಮೆರಿಕದಲ್ಲಿ ಮನೆಗಳಿಗೆ ಹಾಹಾಕಾರ. ಹೊಸದಾಗಿ ಮದುವೆಯಾದವರು ಅತ್ತೆ ಮಾವಂದಿರ ಮನೆಯ ಒಂದು ಕೋಣೆಯಲ್ಲಿ ದಿನ ದೂಡುತ್ತಿದ್ದರು. ಲೆವಿಟ್‌ಗಳು ಲಾಂಗ್ ಐಲೆಂಡಿನ ಆಲೂಗಡ್ಡೆ ಹೊಲಗಳನ್ನು ಕೊಂಡರು. 1947ರ ಅಕ್ಟೋಬರಿನಲ್ಲಿ ಮೊದಲ ಕುಟುಂಬಗಳು ಬಾಡಿಗೆಗೆ ಬಂದವು. ತಿಂಗಳಿಗೆ 60 ಡಾಲರ್. 1951ರ ಹೊತ್ತಿಗೆ ಅಲ್ಲಿ 17,447 ಮನೆಗಳಿದ್ದವು. ಊರಿಗೆ ಲೆವಿಟ್‌ಟೌನ್ ಎಂದೇ ಹೆಸರಾಯಿತು.

ಕೆಲಸ ನಡೆಯುತ್ತಿದ್ದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಾರಿನ ಕಾರ್ಖಾನೆಯಲ್ಲಿ ಕಾರು ಚಲಿಸುತ್ತದೆ, ಆಳು ನಿಂತಲ್ಲೇ ನಿಲ್ಲುತ್ತಾನೆ. ಮನೆಯನ್ನು ಚಲಿಸುವಂತೆ ಮಾಡಲಾಗದು, ಆದ್ದರಿಂದ ಇಲ್ಲಿ ಆಳುಗಳು ಚಲಿಸಿದರು. ಲಾರಿಗಳು ಅರವತ್ತು ಅಡಿಗೊಂದರಂತೆ ಒಂದೊಂದು ಮನೆಯ ಸಾಮಾನಿನ ರಾಶಿಯನ್ನು ಸುರಿದು ಹೋಗುತ್ತಿದ್ದವು. ನೆಲಮಾಳಿಗೆಯಿಲ್ಲ, ಕಾಂಕ್ರೀಟಿನ ಹಾಸಿನ ಮೇಲೆಯೇ ಮನೆ. ಕೆಲಸವನ್ನು ಸುಮಾರು 26 ಹಂತಗಳಾಗಿ ಒಡೆಯಲಾಗಿತ್ತು. ಒಂದು ತಂಡ ಹಾಸು ಹಾಕಿ ಮುಂದೆ ಹೋಗುತ್ತದೆ, ಹಿಂದೆಯೇ ಚೌಕಟ್ಟಿನವರು, ಅವರ ಹಿಂದೆ ಛಾವಣಿಯವರು. ಬಿಳಿ ಬಣ್ಣ ಬಳಿಯುವವನು ಬಿಳಿ ಬಣ್ಣವನ್ನು ಮಾತ್ರ ಬಳಿಯುತ್ತಾನೆ, ಕೆಂಪಿನವನು ಕೆಂಪನ್ನು ಮಾತ್ರ. ಭರಾಟೆಯ ದಿನಗಳಲ್ಲಿ ದಿನಕ್ಕೆ ಮೂವತ್ತು ಮನೆಗಳು ಮುಗಿಯುತ್ತಿದ್ದವು.

ಈ ತಂಡಗಳು ಯಾರವು? ಬಹುಪಾಲು ಲೆವಿಟ್‌ನವಲ್ಲ, ತುಂಡು ಗುತ್ತಿಗೆದಾರರವು. ಆದರೆ ಈ ಗುತ್ತಿಗೆದಾರರು ಕ್ಯೂಬಿಟ್‌ನನ್ನು ಸತಾಯಿಸಿದ ಬಗೆಯ ಸ್ವತಂತ್ರರಲ್ಲ. ಲೆವಿಟ್‌ನ ಹೊರತು ಬೇರೆಯವರಿಗೆ ಅವರು ಕೆಲಸ ಮಾಡುತ್ತಿರಲಿಲ್ಲ. ಸಾಮಾನು ಲೆವಿಟ್‌ನದು, ನಕ್ಷೆ, ದರ, ವೇಳಾಪಟ್ಟಿ ಎಲ್ಲವೂ ಲೆವಿಟ್‌ನವೇ. ಕಾಗದದ ಮೇಲೆ ಅವರು ವ್ಯಾಪಾರಸ್ಥರು, ನೆಲದ ಮೇಲೆ ಲೆವಿಟ್‌ನ ಮೇಸ್ತ್ರಿಗಳು. ಆಳುಗಳಿಗೆ ಗಂಟೆಯ ಲೆಕ್ಕಕ್ಕಿಂತ ಮಾಡಿದಷ್ಟು ಕೆಲಸಕ್ಕೆ ಕೂಲಿ. ಕಾರ್ಮಿಕ ಸಂಘಗಳನ್ನು ಹೊರಗಿಟ್ಟೇ ಕೆಲಸ ನಡೆಯಿತು. ಸಂಘದವರು ಪ್ರತಿಭಟಿಸಿದರು. ಆದರೆ ವರ್ಷಪೂರ್ತಿ ಕೆಲಸ, ಕೈತುಂಬ ಕೂಲಿ ಸಿಗುತ್ತಿರುವಾಗ ಕೆಲಸಗಾರರೂ ಹೆಚ್ಚು ದನಿ ಎತ್ತಲಿಲ್ಲ. ಇದನ್ನು ನಾವು ಮರೆಮಾಚಬಾರದು: ಆ ಕಾಲಕ್ಕೆ ಆ ಕೂಲಿ ಕಡಿಮೆಯದಾಗಿರಲಿಲ್ಲ. ಕಳೆದುಹೋದದ್ದು ಕಸುಬು. ಕೆಂಪು ಬಣ್ಣ ಮಾತ್ರ ಬಳಿದವನು ಹತ್ತು ವರ್ಷವಾದರೂ ಬಣ್ಣಗಾರ ಆಗುವುದಿಲ್ಲ.

ಗುತ್ತಿಗೆದಾರರನ್ನು ಹೊರಗಿಟ್ಟ ಲೆವಿಟ್ ಸಾಮಾನನ್ನು ಮಾತ್ರ ಒಳಗೆ ತಂದ. ಸಂಸ್ಥೆಯ ಅಂಗವಾಗಿ ‘ನಾರ್ತ್ ಶೋರ್ ಸಪ್ಲೈ’ ಎಂಬ ಕಂಪೆನಿ ಹುಟ್ಟಿತು. ಕ್ಯಾಲಿಫೋರ್ನಿಯಾದ ಬ್ಲೂ ಲೇಕ್‌ನಲ್ಲಿ ಮರದ ಮಿಲ್ಲು ಕೊಂಡುಕೊಳ್ಳಲಾಯಿತು. ಮೊಳೆಗಳನ್ನು ಕೂಡ ತಾವೇ ಮಾಡಿಕೊಂಡರು! ಬಟ್ಟೆ ಒಗೆಯುವ ಬೆಂಡಿಕ್ಸ್ ಯಂತ್ರಗಳನ್ನು ನಡುವಿನ ವ್ಯಾಪಾರಿಗಳಿಲ್ಲದೆ ಸಗಟಾಗಿ ತಂದು ಮನೆಯ ಬೆಲೆಯಲ್ಲೇ ಸೇರಿಸಿಕೊಟ್ಟರು. 1950ರಲ್ಲಿ ಮೆಟ್ಟಿಲ ಕೆಳಗಿನ ಗೋಡೆಯಲ್ಲಿ ಟೆಲಿವಿಷನ್ನೂ ಬಂತು. ಮನುಷ್ಯರ ವಿಷಯದಲ್ಲಿ ಹೊಣೆ ದೂರ, ಮೊಳೆಯ ವಿಷಯದಲ್ಲಿ ಒಡೆತನ ಹತ್ತಿರ. ಕಾರಣ ಸರಳ. ಮೊಳೆ ಸಿಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಆಳು ಹೋದರೆ ಇನ್ನೊಬ್ಬ ಬರುತ್ತಾನೆ, ಆ ಒಂದು ಹಂತ ಕಲಿಯಲು ಅವನಿಗೆ ಹೆಚ್ಚು ದಿನ ಬೇಕಿಲ್ಲ.

ಇಷ್ಟೆಲ್ಲ ವಿಲಿಯಂ ಲೆವಿಟ್‌ನ ಸಾಹಸವೆಂದು ಅಮೆರಿಕದ ಪತ್ರಿಕೆಗಳು ಕೊಂಡಾಡಿದವು. 1950ರ ಜುಲೈಯಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಅವನ ಚಿತ್ರ ಬಂತು. ಸರಕಾರದ ಹಂಗಿಲ್ಲದ ಖಾಸಗಿ ಉದ್ಯಮಕ್ಕೆ ಆತ ಮಾದರಿ ಎಂಬ ಮಾತು ಚಾಲ್ತಿಗೆ ಬಂತು. ಸ್ವಂತ ಮನೆ, ಸ್ವಂತ ಅಂಗಳ ಇರುವವನು ಕಮ್ಯುನಿಸ್ಟ್ ಆಗಲಾರ, ಅವನಿಗೆ ಮನೆಗೆಲಸವೇ ಬೇಕಾದಷ್ಟಿರುತ್ತದೆ ಎಂಬರ್ಥದ ಮಾತನ್ನು ಲೆವಿಟ್ ಆಡಿದ್ದು ಈ ಹುಮ್ಮಸ್ಸಿನಲ್ಲೇ. ನಿಜ ಬೇರೆಯೇ ಇತ್ತು. 1934ರಲ್ಲಿ ಸ್ಥಾಪನೆಯಾದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಮನೆಸಾಲಕ್ಕೆ ಖಾತರಿ ನೀಡುತ್ತಿತ್ತು. 1944ರ ಕಾನೂನು ಮಾಜಿ ಸೈನಿಕರ ಸಾಲಕ್ಕೆ ಸರಕಾರದ ಜಾಮೀನು ಒದಗಿಸಿತು. ಮಾಜಿ ಸೈನಿಕ ಕೈಯಿಂದ ಮುಂಗಡವನ್ನೇ ಹಾಕದೆ 7,990 ಡಾಲರಿನ ಮನೆ ಕೊಳ್ಳಬಹುದಿತ್ತು. ಸಾಲದ ಖಾತರಿಯನ್ನು ತೋರಿಸಿಯೇ ಲೆವಿಟ್ ಬ್ಯಾಂಕುಗಳಿಂದ ಕಟ್ಟುವ ಹಣವನ್ನೂ ಪಡೆದ. ಸರಕಾರ ಹಿಂದೆ ನಿಂತಿರದಿದ್ದರೆ ಆಲೂಗಡ್ಡೆ ಹೊಲ ಆಲೂಗಡ್ಡೆ ಹೊಲವಾಗಿಯೇ ಉಳಿಯುತ್ತಿತ್ತು.

ಆದರೆ ಆ ಸರಕಾರಿ ಸಂಸ್ಥೆಯ ನಿಯಮಾವಳಿಯೇ ಬಡಾವಣೆಗಳಲ್ಲಿ ಬಣ್ಣಭೇದದ ಕರಾರುಗಳನ್ನು ಶಿಫಾರಸು ಮಾಡಿತ್ತು. ಲೆವಿಟ್‌ಟೌನಿನ ಮೊದಲ ಬಾಡಿಗೆ ಪತ್ರಗಳಲ್ಲಿ ಬಿಳಿಯರಲ್ಲದವರು ಮನೆಯಲ್ಲಿ ವಾಸಿಸಕೂಡದು ಎಂಬ ಷರತ್ತಿತ್ತು. ಮನೆಯಾಳುಗಳಿಗೆ ಮಾತ್ರ ವಿನಾಯಿತಿ! 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಲಾಗದು ಎಂದು ತೀರ್ಪಿತ್ತಿತು. ಮುಂದೆ ಷರತ್ತು ಕಾಗದದಿಂದ ಮಾಯವಾಯಿತು, ರೂಢಿ ಉಳಿಯಿತು. ಕರಿಯ ಕುಟುಂಬಕ್ಕೆ ಕಂಪೆನಿ ಮನೆ ಮಾರಲಿಲ್ಲ. ಹಿಟ್ಲರನ ವಿರುದ್ಧ ಹೋರಾಡಿ ಬಂದ ಕರಿಯ ಸೈನಿಕನಿಗೂ ಇಲ್ಲ. ತಾನು ಯಹೂದಿಯಾದ್ದರಿಂದ ತನ್ನ ಮನಸ್ಸಿನಲ್ಲಿ ದ್ವೇಷಕ್ಕೆ ಜಾಗವಿಲ್ಲ, ಆದರೆ ಕರಿಯರಿಗೆ ಮಾರಿದರೆ ಬಿಳಿಯರು ಕೊಳ್ಳುವುದಿಲ್ಲ, ವಸತಿಯ ಸಮಸ್ಯೆಯನ್ನು ಬಿಡಿಸಬಹುದು, ಜನಾಂಗದ ಸಮಸ್ಯೆಯನ್ನು ಬಿಡಿಸಬಹುದು, ಎರಡನ್ನೂ ಒಟ್ಟಿಗೆ ಆಗದು ಎಂಬುದು ವಿಲಿಯಂ ಲೆವಿಟ್‌ನ ಸಮಜಾಯಿಷಿ.

ಈ ಸಮಜಾಯಿಷಿಯನ್ನು ನಾವು ಒಪ್ಪುವುದಿಲ್ಲ. ವಾರಕ್ಕೊಮ್ಮೆ ಹುಲ್ಲು ಕತ್ತರಿಸಬೇಕು, ಬೇಲಿ ಹಾಕಕೂಡದು, ರಜಾದಿನಗಳಲ್ಲಿ ಅಂಗಳದಲ್ಲಿ ಬಟ್ಟೆ ಒಣಹಾಕಕೂಡದು ಎಂದು ಜನರ ಬಾಳನ್ನು ಕರಾರಿನಿಂದ ಕಟ್ಟಿದ ಕಂಪೆನಿ ಅದು. ಬೇಲಿಯ ವಿಷಯದಲ್ಲಿ ಸಮಾಜದ ರೂಢಿಯನ್ನು ಬದಲಿಸಬಲ್ಲವನಾಗಿದ್ದ ಲೆವಿಟ್, ನೆರೆಯವನ ಬಣ್ಣದ ವಿಷಯ ಬಂದಾಗ ಕೈಲಾಗದವನಾದ. ನಮ್ಮ ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ ಹೆಸರು ಕೇಳಿದೊಡನೆ ಮನೆ ಈಗಷ್ಟೇ ಹೋಯಿತು ಎಂದು ಹೇಳಿಸಿಕೊಂಡ ಓದುಗರಿಗೆ ಈ ಧಾಟಿ ಹೊಸದಲ್ಲ. ನನಗೇನೂ ಇಲ್ಲ, ಅಕ್ಕಪಕ್ಕದವರು ಒಪ್ಪುವುದಿಲ್ಲ ಎನ್ನುವ ಮನೆ ಮಾಲೀಕನ ವಿನಯವೂ ಇದೇ ಬಗೆಯದು.

ಪೆನ್ಸಿಲ್ವೇನಿಯಾದಲ್ಲಿ ಕಟ್ಟಿದ ಎರಡನೆಯ ಲೆವಿಟ್‌ಟೌನಿನಲ್ಲಿ ವಿಷಯ ಬೀದಿಗೆ ಬಂತು. 1957ರ ಆಗಸ್ಟಿನಲ್ಲಿ ವಿಲಿಯಂ ಮತ್ತು ಡೈಸಿ ಮೈಯರ್ಸ್ ಎಂಬ ಕರಿಯ ದಂಪತಿ ಮಕ್ಕಳೊಂದಿಗೆ ಅಲ್ಲಿಗೆ ಬಂದರು. ಅವರು ಕೊಂಡದ್ದು ಕಂಪೆನಿಯಿಂದಲ್ಲ, ಹಳೆಯ ಮಾಲೀಕರಿಂದ. ಗುಂಪು ಸೇರಿತು, ಕಿಟಕಿಗೆ ಕಲ್ಲು ಬಿತ್ತು, ಶಿಲುಬೆಗಳನ್ನು ಸುಡಲಾಯಿತು. ಗಲಭೆ ದಿನಗಟ್ಟಲೆ ನಡೆದು ರಾಜ್ಯದ ಪೊಲೀಸರು ಬರಬೇಕಾಯಿತು. ಪಕ್ಕದ ಮನೆಯ ವೆಕ್ಸ್ಲರ್ ಎಂಬ ಯಹೂದಿ ದಂಪತಿ ಮೈಯರ್ಸ್ ಕುಟುಂಬದ ಜೊತೆ ನಿಂತರು, ಅದಕ್ಕಾಗಿ ತಾವೂ ಕಾಟ ಅನುಭವಿಸಿದರು. ಕೊನೆಗೆ ನ್ಯಾಯಾಲಯ ಗುಂಪಿಗೆ ತಡೆಯಾಜ್ಞೆ ನೀಡಿತು. ಮೂರನೆಯ ಲೆವಿಟ್‌ಟೌನ್ ನ್ಯೂಜೆರ್ಸಿಯ ವಿಲಿಂಗ್‌ಬೊರೊದಲ್ಲಿ ಎದ್ದಾಗ ಕಂಪೆನಿ ಮತ್ತೆ ನ್ಯಾಯಾಲಯದಲ್ಲಿ ಸೆಣಸಾಡಿ, ಸೋತು, 1960ರಲ್ಲಿ ಎಲ್ಲರಿಗೂ ಮನೆ ಮಾರಲು ಒಪ್ಪಬೇಕಾಯಿತು. ಬಿಳಿಯರು ಕೊಳ್ಳುವುದನ್ನು ನಿಲ್ಲಿಸಲಿಲ್ಲ, ಕಂಪೆನಿ ಮುಳುಗಲೂ ಇಲ್ಲ.

ಅದು ಮುಳುಗಿದ್ದು ಬೇರೆ ಕಾರಣಕ್ಕೆ. 1950ರ ದಶಕದಲ್ಲಿ ತಮ್ಮನ ಪಾಲನ್ನು ಕೊಂಡುಕೊಂಡ ವಿಲಿಯಂ, 1960ರಲ್ಲಿ ಕಂಪೆನಿಯ ಷೇರುಗಳನ್ನು ಮಾರುಕಟ್ಟೆಗೆ ತಂದ. ಪೋರ್ಟೊರಿಕೊ, ಫ್ರಾನ್ಸ್‌ಗಳಲ್ಲೂ ಮನೆ ಕಟ್ಟಿದ. ಅದು ಅಮೆರಿಕದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ವ್ಯಾಪಾರಗಳನ್ನೆಲ್ಲ ಒಂದೇ ಸೂರಿನಡಿ ತುಂಬುವ ಹುಚ್ಚು ಹಬ್ಬಿದ್ದ ಕಾಲ. ದೂರವಾಣಿಯ ವ್ಯವಹಾರದಿಂದ ಬೆಳೆದ ಐಟಿಟಿ ಎಂಬ ದೈತ್ಯ ಕಂಪೆನಿ ಹೋಟೆಲು, ಬಾಡಿಗೆ ಕಾರು, ವಿಮೆ ಎಂದು ಕಂಡದ್ದನ್ನೆಲ್ಲ ಕೊಳ್ಳುತ್ತಿತ್ತು. 1968ರಲ್ಲಿ ಅದು ಲೆವಿಟ್ ಕಂಪೆನಿಯನ್ನೂ ಕೊಂಡಿತು. ಬೆಲೆ ಸುಮಾರು 92 ದಶಲಕ್ಷ ಡಾಲರ್, ಅದೂ ಬಹುಮಟ್ಟಿಗೆ ಐಟಿಟಿ ಷೇರುಗಳ ರೂಪದಲ್ಲಿ. ಹತ್ತು ವರ್ಷ ಅಮೆರಿಕದಲ್ಲಿ ಮನೆ ಕಟ್ಟುವ ವ್ಯಾಪಾರ ಮಾಡಕೂಡದೆಂಬ ಕರಾರಿಗೆ ವಿಲಿಯಂ ಸಹಿ ಹಾಕಿದ. ಏಕಸ್ವಾಮ್ಯದ ಮೊಕದ್ದಮೆಯಲ್ಲಿ 1971ರಲ್ಲಿ ರಾಜಿಯಾದ ಐಟಿಟಿ, ಲೆವಿಟ್ ಕಂಪೆನಿಯನ್ನು ಕೈಬಿಡಲು ಒಪ್ಪಿಕೊಂಡಿತು. ಷೇರುಗಳನ್ನು ಅಡವಿಟ್ಟು ಸಾಲ ಮಾಡಿದ್ದ ವಿಲಿಯಂ, ಅವುಗಳ ಬೆಲೆ ಕುಸಿದಾಗ ಕಂಗಾಲಾದ. ಇರಾನ್, ನೈಜೀರಿಯಾ, ವೆನಿಜುವೆಲಾ ಎಂದು ಅಲೆದ. ಕಡೆಗೆ ಫ್ಲೋರಿಡಾದಲ್ಲಿ ಜನರಿಂದ ಮುಂಗಡ ಪಡೆದು ಮನೆ ಕೊಡಲಾರದೆ ಹೋದ. ತನ್ನ ಕುಟುಂಬದ ಧರ್ಮಾರ್ಥ ನಿಧಿಯ ಹಣ ಬಳಸಿದ ಆಪಾದನೆಯನ್ನೂ ಎದುರಿಸಿದ. 1994ರಲ್ಲಿ ತೀರಿಕೊಂಡಾಗ ಅವನ ಸಂಪತ್ತು ಕರಗಿಹೋಗಿತ್ತು. ಕ್ಯೂಬಿಟ್‌ನ ವ್ಯಾಪಾರಗಳು ಒಂದನ್ನೊಂದು ಹಿಡಿದು ನಿಲ್ಲಿಸಿದ್ದವು. ಐಟಿಟಿಗೆ ಮನೆಯೂ ಒಂದೇ, ಬಾಡಿಗೆ ಕಾರೂ ಒಂದೇ.

ಲೆವಿಟ್ ಹೋದರೂ ಅವನ ಮಾದರಿ ಹೋಗಲಿಲ್ಲ. 1978ರಲ್ಲಿ ಟೆಕ್ಸಾಸಿನಲ್ಲಿ ಹುಟ್ಟಿದ ಡಿ.ಆರ್. ಹಾರ್ಟನ್, 2002ರಿಂದ ಮನೆಗಳ ಸಂಖ್ಯೆಯಲ್ಲಿ ಅಮೆರಿಕದ ಅತಿ ದೊಡ್ಡ ಗೃಹನಿರ್ಮಾಣ ಕಂಪೆನಿ. ಅದರ ಮನೆಗಳನ್ನು ಎಬ್ಬಿಸುವವರು ತುಂಡು ಗುತ್ತಿಗೆಯವರೇ, ಕಂಪೆನಿಯ ಆಳು ಅಲ್ಲಿ ಮೇಲ್ವಿಚಾರಕ ಮಾತ್ರ. ಆದರೆ ಮನೆಸಾಲ ಕೊಡುವ ಕಂಪೆನಿ ಅದರದೇ, ಹಕ್ಕುಪತ್ರ ನೋಡಿಕೊಡುವ ಸಂಸ್ಥೆಯೂ ಅದರದೇ. ನಿವೇಶನಗಳನ್ನು ಸಿದ್ಧಪಡಿಸುವ ಫಾರೆಸ್ಟಾರ್ ಕಂಪೆನಿಯ ಬಹುಪಾಲನ್ನು 2017ರಲ್ಲಿ ಅದು ಕೊಂಡಿತು. ಗಿರಾಕಿಯನ್ನು ಸಾಲದಿಂದ ನೋಂದಣಿಯವರೆಗೆ ಕೈಹಿಡಿದು ನಡೆಸುವ ಕಂಪೆನಿಗೆ ಗೋಡೆ ಕಟ್ಟುವವನ ಜೊತೆ ಮಾತ್ರ ನೇರ ಸಂಬಂಧವಿಲ್ಲ.

ನಮ್ಮಲ್ಲಿ ಎರಡು ಬಗೆಯೂ ಇವೆ. ಕೇರಳದ ಪಿ.ಎನ್.ಸಿ. ಮೆನನ್ ಒಮಾನಿನಲ್ಲಿ ಒಳಾಂಗಣ ಅಲಂಕಾರದ ಕೆಲಸದಿಂದ ಬೆಳೆದು 1995ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಶೋಭಾ ಕಂಪೆನಿ ಮರಗೆಲಸ, ಗಾಜು, ಲೋಹ, ಕಾಂಕ್ರೀಟ್ ಇಟ್ಟಿಗೆಗಳ ಸ್ವಂತ ಕಾರ್ಖಾನೆಗಳನ್ನು ಕಟ್ಟಿಕೊಂಡು, ಕಸುಬುದಾರರಿಗೆ ತರಬೇತಿಯನ್ನೂ ಕೊಟ್ಟು, ಹೆಚ್ಚು ಕಡಿಮೆ ಕ್ಯೂಬಿಟ್‌ನ ಹಾದಿಯನ್ನೇ ಹಿಡಿಯಿತು. ವ್ಯಾಪಾರದ ಹರಿವು ತಿರುಗುಮುರುಗಾದದ್ದೂ ಉಂಟು. ರಜಾಕ್ ಸತ್ತಾರ್ ಅವರ ಕುಟುಂಬ ಬಟ್ಟೆ ಅಂಗಡಿಯಿಂದ ಬಂದು 1986ರಲ್ಲಿ ಪ್ರೆಸ್ಟೀಜ್ ಕಟ್ಟಿತು, 2004ರಲ್ಲಿ ಅದೇ ಕಂಪೆನಿ ಕೋರಮಂಗಲದ ಫೋರಂ ಮಾಲ್ ತೆರೆದು ಮತ್ತೆ ಅಂಗಡಿಗಳ ಲೋಕಕ್ಕೆ ಹೋಯಿತು.

ಆದರೆ ಬೆಂಗಳೂರಿನ ಬಹುಪಾಲು ಕಟ್ಟಡಗಳು ಎದ್ದಿರುವುದು ತುಂಡು ಗುತ್ತಿಗೆಯಲ್ಲೇ. ಕಂಪೆನಿಯ ಕೆಳಗೆ ಗುತ್ತಿಗೆದಾರ, ಅವನ ಕೆಳಗೆ ಸೆಂಟ್ರಿಂಗ್, ಕಂಬಿ, ಗಾರೆ, ಟೈಲ್ಸ್ ಕೆಲಸಗಳ ಬೇರೆ ಬೇರೆ ತುಂಡು ಗುತ್ತಿಗೆಯವರು, ಅವರ ಕೆಳಗೆ ಯಾದಗಿರಿಯಿಂದಲೋ, ರಾಯಚೂರಿನಿಂದಲೋ, ಬಿಹಾರ, ಬಂಗಾಳ, ಒಡಿಶಾಗಳಿಂದಲೋ ಜನ ಕರೆತರುವ ಮೇಸ್ತ್ರಿ. ಕೂಲಿ ಮೇಲಿನಿಂದ ಇಳಿಯುತ್ತಾ ಪ್ರತಿ ಮೆಟ್ಟಿಲಿನಲ್ಲೂ ಸ್ವಲ್ಪ ಸ್ವಲ್ಪ ನಿಲ್ಲುತ್ತದೆ. ಸಾರುವೆಯಿಂದ ಬಿದ್ದವನ ಹೊಣೆ ಕೆಳಗಿನಿಂದ ಏರುತ್ತಾ ಪ್ರತಿ ಮೆಟ್ಟಿಲಿನಲ್ಲೂ ಜಾರುತ್ತದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮುಖ್ಯ ಮಾಲೀಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾನೂನೇ ಹೇಳಿತ್ತು. 1996ರ ಕಾನೂನಿನ ಮೇರೆಗೆ ಕಟ್ಟಡದ ವೆಚ್ಚದ ಮೇಲೆ ಶೇಕಡಾ ಒಂದರಂತೆ ಕಾರ್ಮಿಕ ಕಲ್ಯಾಣಕ್ಕೆಂದು ಸುಂಕವೂ ಬಂತು. ಆದರೆ ಕಾರ್ಮಿಕನ ಹೆಸರು ಯಾವ ಪುಸ್ತಕದಲ್ಲೂ ಇಲ್ಲದಿದ್ದರೆ ಯಾವ ಕಾನೂನು ಅವನನ್ನು ಹುಡುಕಿಕೊಂಡು ಹೋದೀತು?

ಈ ಆಳು ಯಾರವನು ಎಂಬ ಪ್ರಶ್ನೆಗೆ 2020ರ ಮೇ ತಿಂಗಳಿನಲ್ಲಿ ಒಂದು ಉತ್ತರ ಸಿಕ್ಕಿತು. ಕೊರೋನಾ ಲಾಕ್‌ಡೌನಿನಿಂದ ಕೆಲಸ ನಿಂತು, ಕೈಯಲ್ಲಿ ಕಾಸಿಲ್ಲದೆ, ಕಾರ್ಮಿಕರು ಊರಿಗೆ ಹೋಗಲು ಶ್ರಮಿಕ ರೈಲುಗಳಿಗೆ ಕಾದಿದ್ದರು. ಮೇ 5ರಂದು ಬೆಂಗಳೂರಿನ ಬಿಲ್ಡರುಗಳ ಪ್ರತಿನಿಧಿಗಳು ಮುಖ್ಯಮಂತ್ರಿ ಯಡಿಯೂರಪ್ಪನವರನ್ನು ಕಂಡರು. ಕೆಲಸ ಮತ್ತೆ ಆರಂಭವಾಗುತ್ತಿದೆ, ಕಾರ್ಮಿಕರು ಹೋದರೆ ಕಷ್ಟ ಎಂಬುದು ಅವರ ಅಹವಾಲು. ಅಂದೇ ರಾಜ್ಯ ಸರಕಾರ ರೈಲುಗಳು ಬೇಡವೆಂದು ರೈಲ್ವೆಗೆ ಪತ್ರ ಬರೆಯಿತು. ಕೂಲಿಯ ಹೊತ್ತಿಗೆ ಗುತ್ತಿಗೆದಾರನವನಾಗಿದ್ದ, ಅಪಘಾತದ ಹೊತ್ತಿಗೆ ಮೇಸ್ತ್ರಿಯವನಾಗಿದ್ದ ಆಳು ಅಂದು ಒಮ್ಮೆಗೇ ಕಂಪೆನಿಯವನಾಗಿಬಿಟ್ಟ! ದೇಶದ ಎಲ್ಲೆಡೆಯಿಂದ ಟೀಕೆ ಕೇಳಿಬಂದ ಮೇಲೆ ಸರಕಾರ ಪಟ್ಟು ಸಡಿಲಿಸಿತು. ಮೇ 8ರಿಂದ ರೈಲುಗಳು ಮತ್ತೆ ಹೊರಟವು.